ರಾಧಾಗೋವಿಂದ ಬರುವಾ ಅವರ ಪತ್ರಿಕೆಗಳನ್ನು ಉಳಿಸಿಕೊಡಿ: ಅಸ್ಸಾಂ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಧಾರವಾಡ
ಏಪ್ರಿಲ್ 2025

ಶ್ರೀ ಹಿಮಂತ ಬಿಸ್ವ ಶರ್ಮಾ ಅವರಿಗೆ
ಮಾನ್ಯ ಮುಖ್ಯಮಂತ್ರಿಗಳು, ಅಸ್ಸಾಂ ಸರ್ಕಾರ
ದಿಸ್ಪುರ, ಗುವಾಹಟಿ

ಮಾನ್ಯರೇ,

ತಮ್ಮ ಹೊಸ ವರ್ಷದ ಹಬ್ಬ ರೊಂಗಾಲಿ ಬಿಹುವಿನ ಶುಭಾಶಯಗಳು. ನಾನು ಧಾರವಾಡದವಳು, ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸೇವೆಯ ಬಹುಪಾಲು ವರ್ಷ ನಿಯತಕಾಲಿಕೆಗಳ ವಿಭಾಗದಲ್ಲಿ, ಬೈಂಡು ಹಾಕಿದ ಹಳೆಯ ಪತ್ರಿಕೆಗಳ ನಡುವೆ ಕಳೆದೆ. ಮಗಳು ಗುವಾಹಟಿಯ ಐಐಟಿಯಲ್ಲಿ ಓದುತ್ತಿದ್ದಾಗ ತಮ್ಮ ಊರಿಗೆ ಬಂದು ಹೋಗುತ್ತಿದ್ದೆ. ಬಂದಾಗಲೆಲ್ಲ ಬೆಳಿಗ್ಗೆ ಚಹಾದ ಜೊತೆ ಅಸ್ಸಾಂ ಟ್ರಿಬ್ಯೂನ್ ಓದುವುದು ರೂಢಿಯಾಯಿತು. ಅದನ್ನು ಕಟ್ಟಿದವರು ಯಾರೆಂದು ವಿಚಾರಿಸುತ್ತ ಹೋದ ಹಾಗೆ ರಾಧಾಗೋವಿಂದ ಬರುವಾ ಅವರ ಪರಿಚಯವಾಯಿತು. ಅವರ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಸರ್ಕಾರ ಮುಂದೆ ನಿಂತು ಉಳಿಸಬೇಕು, ಎಲ್ಲರೂ ಓದುವಂತೆ ತೆರೆದಿಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಪ್ರಕಟಿಸುವುದಕ್ಕೆ ಕಾರಣ, ಇಂಥ ಒಬ್ಬರು ಇದ್ದರೆಂಬುದು ನಮ್ಮ ಓದುಗರಿಗೂ ತಿಳಿಯಲಿ ಎಂಬುದು.

ಇದು ಅಸ್ಸಾಂನ ವಿಷಯ, ಧಾರವಾಡದವಳಿಗೇಕೆ ಎಂದು ಯಾರಾದರೂ ಕೇಳಬಹುದು. ಕಳೆದ ಅಕ್ಟೋಬರ್‌ನಲ್ಲಿ ಅಸ್ಸಾಮಿಗೆ ಶಾಸ್ತ್ರೀಯ ಭಾಷೆಯ ಮಾನ್ಯತೆ ಸಿಕ್ಕಾಗ ನನಗೆ ನಿಜಕ್ಕೂ ಸಂತೋಷವಾಯಿತು. ಕನ್ನಡಕ್ಕೆ ಅದು 2008ರಲ್ಲೇ ಸಿಕ್ಕಿತ್ತು. ಆ ಹದಿನಾರು ವರ್ಷಗಳಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಶಾಸ್ತ್ರೀಯ ಎಂದ ಕೂಡಲೇ ಎಲ್ಲರ ಗಮನ ಶಾಸನ, ತಾಳೆಗರಿ, ಹಳಗನ್ನಡ ಕಾವ್ಯಗಳ ಕಡೆಗೆ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ಶಾಸನ ಕಲ್ಲಿನ ಮೇಲಿದೆ, ಇನ್ನೂ ಇನ್ನೂರು ವರ್ಷ ಕಾಯಬಲ್ಲದು. 1940ರ ನ್ಯೂಸ್‌ಪ್ರಿಂಟ್ ಕಾಯುವುದಿಲ್ಲ. ಮರದ ತಿರುಳನ್ನು ಅರೆದು ಮಾಡಿದ ಆ ಅಗ್ಗದ ಕಾಗದದಲ್ಲಿ ಆಮ್ಲ ಉಳಿದಿರುತ್ತದೆ. ಕಾಗದ ತನ್ನನ್ನು ತಾನೇ ತಿನ್ನುತ್ತ ಹೋಗುತ್ತದೆ. ಮೊದಲು ಅಂಚು ಕಂದಾಗುತ್ತದೆ, ಆಮೇಲೆ ಮಡಿಕೆ ಬಿದ್ದಲ್ಲಿ ಸೀಳುತ್ತದೆ, ಕೊನೆಗೆ ಪುಟ ತಿರುವಿದರೆ ಬೆರಳಿಗೆ ಪುಡಿ ಅಂಟುತ್ತದೆ. ಧಾರವಾಡದ ಮಳೆಗಾಲದಲ್ಲೇ ಈ ಪಾಡಾದರೆ, ಬ್ರಹ್ಮಪುತ್ರಾ ಕಣಿವೆಯ ತೇವದಲ್ಲಿ ಹೇಗಿರಬೇಡ! ಗ್ರಂಥಾಲಯಗಳಲ್ಲಿ ಜಾಗ ಸಾಲದಾದಾಗ ಮೊದಲು ವಿಲೇವಾರಿಯಾಗುವುದೂ ಪತ್ರಿಕೆಗಳ ಸಂಪುಟಗಳೇ. ದೊಡ್ಡ ಆಕಾರ, ಹೊರಲಾರದ ಭಾರ, ಕೇಳಿಕೊಂಡು ಬರುವವರು ಕಡಿಮೆ. ಹಾಗೆ ತೂಕಕ್ಕೆ ಹೋದ ಕನ್ನಡ ಸಂಪುಟಗಳನ್ನು ನೋಡಿದ್ದೇನೆ. ತಾವು ಈಗಷ್ಟೇ ಆರಂಭದಲ್ಲಿದ್ದೀರಿ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಎರಡೂ ಭಾಷೆಗಳ ಪತ್ರಿಕೆಗಳು ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. 1843ರಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು. 1846ರಲ್ಲಿ ಶಿವಸಾಗರದಿಂದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನರಿಗಳು ‘ಅರುಣೋದೈ’ ಹೊರಡಿಸಿದರು. ಆಗ ಅಸ್ಸಾಂನ ಕಚೇರಿ, ಶಾಲೆಗಳಲ್ಲಿ ನಡೆಯುತ್ತಿದ್ದುದು ಬಂಗಾಳಿ. 1836ರಿಂದ 1873ರವರೆಗೆ ಅಸ್ಸಾಮಿ ತನ್ನ ನೆಲದಲ್ಲೇ ಹೊರಗೆ ನಿಂತಿತ್ತು. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿ ಕೇಳಿ ಬೆಳೆದ ಉತ್ತರ ಕರ್ನಾಟಕದ ಹಿರಿಯರ ನೆನಪುಗಳನ್ನು ಬಲ್ಲ ನಮಗೆ ಆ ಸಂಕಟ ಹೊಸದಲ್ಲ. ಅಂಥ ಹೊತ್ತಿನಲ್ಲಿ ಭಾಷೆಯ ಬೆನ್ನಿಗೆ ನಿಂತದ್ದು ಒಂದು ಮುದ್ರಣಯಂತ್ರ.

ಆದರೆ ಮಿಶನ್ನಿನ ಹಣದಲ್ಲಿ ತಿಂಗಳಿಗೊಂದು ಪತ್ರಿಕೆ ತರುವುದು ಬೇರೆ, ತಮ್ಮವರೇ ಬಂಡವಾಳ ಹಾಕಿ ದಿನಪತ್ರಿಕೆ ನಡೆಸುವುದು ಬೇರೆ. ಚಹಾ ತೋಟಗಳ ಒಡೆಯ, ದಾನಿ ಶಿವಪ್ರಸಾದ ಬರುವಾ 1935ರಲ್ಲಿ ಆ ಸಾಹಸ ಮಾಡಿದರು. ಜೋರಹಾಟ್ ಬಳಿಯ ಠೆಂಗಾಲ್ ಎಂಬ ಹಳ್ಳಿಯಿಂದ, ನೀಲಮಣಿ ಫುಕನ್ ಅವರ ಸಂಪಾದಕತ್ವದಲ್ಲಿ, ‘ದೈನಿಕ ಬಾತೊರಿ’ ಹೊರಬಂತು. ಅಸ್ಸಾಮಿಯ ಮೊದಲ ದಿನಪತ್ರಿಕೆ ಅದು. ಒಂದು ಭಾಷೆಯ ಮೊದಲ ದೈನಿಕ ಹಳ್ಳಿಯಲ್ಲಿ ಅಚ್ಚಾಯಿತು ಎಂದು ಓದಿದಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದ್ದೆ. ಸಾರಿಗೆ ಹೇಗಿತ್ತು, ಸುದ್ದಿ ಹೇಗೆ ತಲುಪುತ್ತಿತ್ತು, ಪ್ರತಿಗಳನ್ನು ಯಾರು ಕೊಳ್ಳುತ್ತಿದ್ದರು? ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. 1938ರಲ್ಲಿ ಶಿವಪ್ರಸಾದರು ತೀರಿಕೊಂಡರು.

ಮರುವರ್ಷ, 1939ರ ಆಗಸ್ಟ್ 4ರಂದು, ದಿಬ್ರುಗಢದಿಂದ ರಾಧಾಗೋವಿಂದ ಬರುವಾ ಅಸ್ಸಾಂ ಟ್ರಿಬ್ಯೂನ್ ಆರಂಭಿಸಿದರು. ಇಂಗ್ಲಿಷ್ ವಾರಪತ್ರಿಕೆ, ಸಂಪಾದಕರು ಲಕ್ಷ್ಮೀನಾಥ ಫುಕನ್. ಸ್ವಂತ ಭಾಷೆಯಲ್ಲಿ ಬಿಟ್ಟು ಇಂಗ್ಲಿಷಿನಲ್ಲೇಕೆ? ಕಲ್ಕತ್ತಾ, ದೆಹಲಿ, ಶಿಲ್ಲಾಂಗಿನಲ್ಲಿ ಕುಳಿತು ಅಸ್ಸಾಂನ ಹಣೆಬರಹ ಬರೆಯುತ್ತಿದ್ದವರಿಗೆ ಅಸ್ಸಾಂನ ಮಾತು ಕೇಳಿಸಬೇಕಿತ್ತು ಎಂದು ನಾನು ತಿಳಿದಿದ್ದೇನೆ. 1946ರಲ್ಲಿ ಅದು ದಿನಪತ್ರಿಕೆಯಾಯಿತು. ಆ ವರ್ಷ ಏನು ನಡೆಯುತ್ತಿತ್ತೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು, ಕನ್ನಡ ಓದುಗರಿಗಾಗಿ ಹೇಳುತ್ತೇನೆ. ಅಧಿಕಾರ ಹಸ್ತಾಂತರಕ್ಕೆಂದು ಪ್ರಾಂತಗಳನ್ನು ಗುಂಪುಗಳಾಗಿ ವಿಂಗಡಿಸಿದ ಬ್ರಿಟಿಷರ ಕ್ಯಾಬಿನೆಟ್ ಮಿಶನ್ ಯೋಜನೆ ಅಸ್ಸಾಮನ್ನು ಮುಸ್ಲಿಂ ಬಹುಸಂಖ್ಯಾತ ಬಂಗಾಳದ ಜೊತೆ ‘ಸಿ’ ಗುಂಪಿಗೆ ಸೇರಿಸಿತ್ತು. ಒಪ್ಪಿದ್ದರೆ ಅಸ್ಸಾಂ ಇಂದು ಭಾರತದ ನಕ್ಷೆಯಲ್ಲಿ ಎಲ್ಲಿರುತ್ತಿತ್ತೋ ಹೇಳಲಾಗದು. ಆಗ ಅಸ್ಸಾಂ ಸರ್ಕಾರದ ಮುಖ್ಯಸ್ಥರಾಗಿದ್ದ ಗೋಪೀನಾಥ ಬೊರ್ದೊಲೊಯ್ ಸುತರಾಂ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ನೌಖಾಲಿಯ ಶ್ರೀರಾಮಪುರದಲ್ಲಿದ್ದ ಗಾಂಧೀಜಿಯನ್ನು ಅಸ್ಸಾಂನ ಇಬ್ಬರು ಕಾಂಗ್ರೆಸ್ಸಿಗರು ಹೋಗಿ ಕಂಡಾಗ, ಕಾಂಗ್ರೆಸ್ ಹೈಕಮಾಂಡ್ ವಿರುದ್ಧವಾದರೂ ಸರಿ, ಗಟ್ಟಿಯಾಗಿ ನಿಲ್ಲಿ ಎಂದು ಅವರು ಹೇಳಿ ಕಳಿಸಿದರು. ಈ ಇಡೀ ಕಥೆ ದೊಡ್ಡವರ ಪತ್ರವ್ಯವಹಾರದಲ್ಲಿ, ಸಭೆಯ ನಡಾವಳಿಗಳಲ್ಲಿ ಸಿಗುತ್ತದೆ. ಆದರೆ ನಗಾಂವ್‌ನ ಒಬ್ಬ ಶಾಲಾ ಮೇಷ್ಟ್ರಿಗೆ ಆ ದಿನಗಳಲ್ಲಿ ಏನು ತಿಳಿದಿತ್ತು, ಸಂಪಾದಕರಿಗೆ ಬಂದ ಪತ್ರಗಳಲ್ಲಿ ಜನ ಏನೆಂದು ಕೇಳುತ್ತಿದ್ದರು, ಅಕ್ಕಿಯ ಧಾರಣೆ ಎಷ್ಟಿತ್ತು ಎಂಬುದಕ್ಕೆ ಪತ್ರಿಕೆಯ ಪುಟಗಳ ಹೊರತು ಬೇರೆ ಆಧಾರವಿಲ್ಲ.

1950ರ ಆಗಸ್ಟ್ 15ರ ರಾತ್ರಿಯ ಭೂಕಂಪವನ್ನೇ ತೆಗೆದುಕೊಳ್ಳಿ. 8.6 ತೀವ್ರತೆಯ ಆ ಕಂಪನದಿಂದ ನದಿಯ ಪಾತ್ರವೇ ಮೇಲೆದ್ದಿತು, ಮುಂದಿನ ವರ್ಷಗಳಲ್ಲಿ ದಿಬ್ರುಗಢ ಪಟ್ಟಣದ ದೊಡ್ಡ ಭಾಗವನ್ನು ಬ್ರಹ್ಮಪುತ್ರಾ ಕೊರೆದು ಒಯ್ದಿತು. ಭೂವಿಜ್ಞಾನಿಗಳಿಗೆ ಇಂದಿಗೂ ಬೇಕಾದ ವಿವರಗಳು, ಯಾವ ಊರಿನಲ್ಲಿ ಎಷ್ಟು ಹೊತ್ತಿಗೆ ನೆಲ ಬಿರಿಯಿತು, ಯಾವ ಉಪನದಿ ಎಷ್ಟು ದಿನ ಕಟ್ಟಿ ನಿಂತಿತು ಎಂಬಂಥವು, ಸ್ಥಳೀಯ ವರದಿಗಳಲ್ಲೇ ಸಿಗಬೇಕು. 1962ರ ನವೆಂಬರ್‌ನಲ್ಲಿ ಚೀನಾ ಸೈನ್ಯ ಬರುತ್ತದೆಂದು ತೇಜ್‌ಪುರ ಖಾಲಿಯಾದ ದಿನಗಳ ಪತ್ರಿಕೆ ಇಂದಿನ ತರುಣರ ಕೈಗೆ ಸಿಗಬೇಡವೇ?

ಇಷ್ಟರಲ್ಲಿ ಬರುವಾ ಅವರ ಪತ್ರಿಕೆ ಗುವಾಹಟಿಗೆ ಬಂದಿತ್ತು. ಅಸ್ಸಾಮಿಯಲ್ಲಿ 1955ರಲ್ಲಿ ‘ಅಸಮ ಬಾಣಿ’ ವಾರಪತ್ರಿಕೆ, 1965ರಲ್ಲಿ ‘ದೈನಿಕ ಅಸಮ್’ ಹೊರಟವು. ರಾಜಧಾನಿ ಶಿಲ್ಲಾಂಗಿನಿಂದ ದಿಸ್ಪುರಕ್ಕೆ ಬಂದದ್ದು 1973ರಷ್ಟು ತಡವಾಗಿ; ಅಲ್ಲಿಯವರೆಗೆ ಗುವಾಹಟಿ ನದೀತೀರದ ಸಾಧಾರಣ ಪಟ್ಟಣ. ಆ ಪಟ್ಟಣಕ್ಕೆ ನಗರದ ಘನತೆ ಬರಲೆಂದು ಈ ಮನುಷ್ಯ ಪಟ್ಟ ಪಾಡನ್ನು ಅಲ್ಲಿನ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ, ಆಧುನಿಕ ಗುವಾಹಟಿಯ ಶಿಲ್ಪಿ ಎಂದೇ ಕರೆಯುತ್ತಾರೆ. ಉಲುಬಾರಿಯ ನೆಹರೂ ಕ್ರೀಡಾಂಗಣ 1962ರಲ್ಲಿ ಎದ್ದು ನಿಂತದ್ದರ ಹಿಂದೆ ಅವರ ಓಡಾಟವಿದೆ. 1983ರ ಡಿಸೆಂಬರ್‌ನಲ್ಲಿ, ವಿಶ್ವಕಪ್ ಗೆದ್ದು ಬಂದ ಭಾರತ ತಂಡ ವೆಸ್ಟ್ ಇಂಡೀಸ್ ವಿರುದ್ಧ ಅಲ್ಲಿ ಆಡಿತು. ಅದನ್ನು ನೋಡಲು ಬರುವಾ ಇರಲಿಲ್ಲ, 1977ರಲ್ಲೇ ತೀರಿಕೊಂಡಿದ್ದರು. ಉಲುಬಾರಿಯ ಗಾಂಧಿಬಸ್ತಿಯಲ್ಲಿ ಬೆಳೆದ ತಮಗೆ, ಮುಂದೆ ಅಸ್ಸಾಂ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರೂ ಆದ ತಮಗೆ, ಆ ಕ್ರೀಡಾಂಗಣದ ಬೆಲೆ ನಾನು ಹೇಳಬೇಕಾಗಿಲ್ಲ.

ಬಿಹು ವೇದಿಕೆಯ ವಿಷಯ ಇನ್ನೂ ದೊಡ್ಡದು. ಗದ್ದೆಯಲ್ಲಿ, ಮರದಡಿಯಲ್ಲಿ, ಮನೆಯಂಗಳದಲ್ಲಿ ಆಡುತ್ತಿದ್ದ ಬಿಹು ಕುಣಿತವನ್ನು ಪೇಟೆಯ ಓದಿದ ಜನ ತಮಗೆ ತಕ್ಕದ್ದಲ್ಲವೆಂದು ದೂರ ಇಟ್ಟ ಕಾಲವೊಂದಿತ್ತು. 1952ರಲ್ಲಿ ಗುವಾಹಟಿಯ ಲತಾಶಿಲ್ ಮೈದಾನದಲ್ಲಿ ಬಿಹು ವೇದಿಕೆ ಏರಿತು. ಹಾಗೆ ಅದನ್ನು ನಗರದ ಮಧ್ಯಕ್ಕೆ ತಂದವರಲ್ಲಿ ಬರುವಾ ಮುಂಚೂಣಿಯಲ್ಲಿದ್ದರು. ವೇದಿಕೆಗೆ ತಂದು ಬಿಹುವಿನ ಸಹಜತೆ ಕೆಡಿಸಿದರು ಎನ್ನುವವರೂ ಇದ್ದಾರೆ. ನಮ್ಮ ಯಕ್ಷಗಾನಕ್ಕೂ ಜನಪದ ಕುಣಿತಗಳಿಗೂ ಇದೇ ಮಾತು ಬಂದಿದೆ. ನನ್ನ ಅಭಿಪ್ರಾಯ ಬೇರೆ. ಪೇಟೆಗೆ ವಲಸೆ ಬಂದ ಹಳ್ಳಿಯ ಮಕ್ಕಳು ತಮ್ಮ ಹಬ್ಬಕ್ಕೆ ನಾಚಿಕೊಳ್ಳದೆ ತಲೆಯೆತ್ತಿ ನಿಲ್ಲುವಂತಾಯಿತಲ್ಲ, ಅದು ಸಣ್ಣ ಕೆಲಸವಲ್ಲ. 2023ರ ಏಪ್ರಿಲ್‌ನಲ್ಲಿ ತಮ್ಮ ಸರ್ಕಾರ ಸರುಸಜಾಯ್ ಕ್ರೀಡಾಂಗಣದಲ್ಲಿ 11,304 ಕಲಾವಿದರನ್ನು ಕೂಡಿಸಿ ಬಿಹುವಿಗೆ ಗಿನ್ನೆಸ್ ದಾಖಲೆ ತಂದುಕೊಟ್ಟಿತು. ಆ ದಾರಿ ಲತಾಶಿಲ್‌ನಿಂದ ಶುರುವಾದದ್ದು. ಆ ಮೊದಲ ವರ್ಷಗಳಲ್ಲಿ ಯಾರು ಢೋಲ್ ನುಡಿಸಿದರು, ಯಾವ ಹಳ್ಳಿಯ ತಂಡ ಬಂದಿತ್ತು, ಯಾರು ಬೈದು ಬರೆದರು, ಯಾರು ಹೊಗಳಿದರು ಎಂದು ಹುಡುಕುವವರು ಆ ಕಾಲದ ಪತ್ರಿಕೆಗಳನ್ನೇ ತೆರೆಯಬೇಕು.

ಬರುವಾ ಅವರ ಹೆಸರಿಗೆ ಗುವಾಹಟಿಯಲ್ಲಿ ಕೊರತೆಯಿಲ್ಲ. ಮೃಗಾಲಯದ ರಸ್ತೆಗೆ ಅವರ ಹೆಸರಿದೆ, ಜನ ಮಾತ್ರ ಝೂ ರೋಡ್ ಎನ್ನುತ್ತಾರೆ. ನೆಹರೂ ಕ್ರೀಡಾಂಗಣದ ಸಂಕೀರ್ಣಕ್ಕೂ ಅವರದೇ ಹೆಸರು. ಆ ಕ್ರೀಡಾಂಗಣವನ್ನು ಫುಟ್‌ಬಾಲ್‌ಗಾಗಿ ಹೊಸದಾಗಿ ಕಟ್ಟುವ ಮಾತು ನಡೆದಿದೆ, ಕಟ್ಟಲಿ, ಒಳ್ಳೆಯದೇ. ಹೊಸ ಕಟ್ಟಡಕ್ಕೆ ಫಲಕ ಹಾಕಿ ಎಂದು ನಾನು ಕೇಳುತ್ತಿಲ್ಲ. ಪತ್ರಿಕೆ ಕಟ್ಟಿದವರ ನಿಜವಾದ ಆಸ್ತಿ ಪತ್ರಿಕೆಯೇ.

ಇನ್ನು ಕೆಲಸದ ಮಾತು. ದೇಶದ ದೊಡ್ಡ ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರಕಾಶಕರು ಪ್ರತಿ ಕಳಿಸಲೇಬೇಕೆಂಬ 1954ರ ಕಾಯ್ದೆಗೆ ಪತ್ರಿಕೆಗಳು ಸೇರಿದ್ದು 1956ರ ತಿದ್ದುಪಡಿಯಿಂದ. ಅಂದರೆ ಬಾತೊರಿಯ ಎಲ್ಲ ಸಂಚಿಕೆಗಳು, ಟ್ರಿಬ್ಯೂನಿನ ಮೊದಲ ಹದಿನೇಳು ವರ್ಷಗಳು ಆ ಕಾಯ್ದೆಯ ರಕ್ಷಣೆಯ ಹೊರಗಿವೆ. ಅಪಾಯ ಹೆಚ್ಚಿರುವುದು ಅಲ್ಲೇ, ಹಾಗಾಗಿ ಸ್ಕ್ಯಾನಿಂಗ್ ಅಲ್ಲಿಂದಲೇ ಶುರುವಾಗಬೇಕು. ಸಹಿಯಿಲ್ಲದ ವರದಿಗಳ ಹಕ್ಕುಸ್ವಾಮ್ಯ ಪ್ರಕಟವಾಗಿ 60 ವರ್ಷಕ್ಕೆ ಮುಗಿಯುವುದರಿಂದ 1964ರವರೆಗಿನ ಬಹುಪಾಲು ಬರಹಕ್ಕೆ ಕಾನೂನಿನ ತೊಡಕೂ ಇಲ್ಲ. ನಂದಾ ತಾಲುಕ್ದಾರ್ ಫೌಂಡೇಶನ್ ಈಗಾಗಲೇ ಹಳೆಯ ಅಸ್ಸಾಮಿ ಪುಸ್ತಕ, ಪತ್ರಿಕೆಗಳನ್ನು ಡಿಜಿಟಲ್ ಮಾಡಿ ಅಂತರ್ಜಾಲದಲ್ಲಿಟ್ಟಿದೆ. ಅಂಥ ಅನುಭವಿಗಳು, ಚಾಂದ್‌ಮಾರಿಯ ಟ್ರಿಬ್ಯೂನ್ ಕಚೇರಿ, ಗುವಾಹಟಿ ವಿಶ್ವವಿದ್ಯಾಲಯ, ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂಡಿಸುವ ಶಕ್ತಿ ಸರ್ಕಾರಕ್ಕಿದೆ. ಮಾಲೀಕರ ಹಕ್ಕಿಗೆ ಧಕ್ಕೆ ಬಾರದಂತೆ, ಅವರ ಒಪ್ಪಿಗೆಯಿಂದಲೇ ಆಗಲಿ. ಪತ್ರಿಕೆ, ಚಾನೆಲ್ ನಡೆಸುವುದರ ಕಷ್ಟ ತಮ್ಮ ಮನೆಯವರಿಗೂ ಗೊತ್ತಿದೆ, ಅವರ ಸಲಹೆಯೂ ಇದಕ್ಕೆ ಒದಗಬಹುದು.

ಸ್ಕ್ಯಾನ್ ಮಾಡಿ ಇಟ್ಟರೆ ಸಾಲದು, ಪದ ಹಾಕಿ ಹುಡುಕಲು ಬರಬೇಕು. ಅಸ್ಸಾಮಿಯ ‘ರ’ ಮತ್ತು ‘ವ’ ಬಂಗಾಳಿ ಲಿಪಿಗಿಂತ ಬೇರೆ. ಬಂಗಾಳಿಗೆಂದು ತಯಾರಾದ ತಂತ್ರಾಂಶ ಅವೆರಡನ್ನೂ ತಪ್ಪಾಗಿ ಓದುವ ಸಂಭವ ಹೆಚ್ಚು. ಹಳೆಯ ಅಚ್ಚುಮೊಳೆಯ ಕನ್ನಡದಲ್ಲಿ ನಾವೂ ಇಂಥದೇ ಪಾಡು ಪಟ್ಟಿದ್ದೇವೆ. ಗುವಾಹಟಿಯ ಐಐಟಿಯ ಹುಡುಗರಿಗೆ ಇದು ಕೈಗೆಟುಕದ ಕೆಲಸವೇನಲ್ಲ. ಸ್ಕ್ಯಾನ್ ಆಯಿತೆಂದು ಮೂಲ ಸಂಪುಟಗಳನ್ನು ರದ್ದಿಗೆ ಹಾಕದಂತೆಯೂ ಆದೇಶದಲ್ಲೇ ಬರೆಸಬೇಕು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

2012ರ ಆಗಸ್ಟ್ ತಮಗೆ ನೆನಪಿರುತ್ತದೆ. ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಸಂದೇಶಗಳಿಗೆ ಹೆದರಿ ತಮ್ಮ ನಾಡಿನ ಸಾವಿರಾರು ಮಕ್ಕಳು ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಹದಿನೈದು ದಿನ ಸಾಮೂಹಿಕ ಎಸ್ಸೆಮ್ಮೆಸ್ ನಿಲ್ಲಿಸಬೇಕಾಯಿತು. ಕನ್ನಡತಿಯಾಗಿ ನನಗೆ ಆ ವಾರ ಇಂದಿಗೂ ನೋವಿನದು. ಆ ಸಂದೇಶಗಳು ಈಗ ಎಲ್ಲೂ ಇಲ್ಲ. ನಮ್ಮಲ್ಲಿ ಯಾರು ಅವರನ್ನು ತಡೆದು ಧೈರ್ಯ ಹೇಳಿದರು, ಊರು ಮುಟ್ಟಿದ ಹುಡುಗರು ಏನೆಂದರು ಎಂಬುದು ಬೆಂಗಳೂರಿನ, ಗುವಾಹಟಿಯ ಪತ್ರಿಕೆಗಳ ಪುಟಗಳಲ್ಲಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಅವಕಾಶ ನಮ್ಮ ಮೊಮ್ಮಕ್ಕಳಿಗೆ ಸಿಗಬೇಕು.

ಈ ವರ್ಷದ ಮಳೆಗಾಲ ಶುರುವಾಗುವ ಮೊದಲು, 1935ರಿಂದ 1956ರವರೆಗಿನ ಸಂಚಿಕೆಗಳು ಯಾರ ಬಳಿ, ಯಾವ ಸ್ಥಿತಿಯಲ್ಲಿ ಉಳಿದಿವೆ ಎಂಬ ಪಟ್ಟಿ ಮಾಡಲು ಒಬ್ಬ ಅಧಿಕಾರಿಯನ್ನು ನೇಮಿಸಿ. ಮನೆಗಳಲ್ಲಿ, ಚಹಾ ತೋಟಗಳ ಬಂಗಲೆಗಳಲ್ಲಿ, ಪ್ರಾರ್ಥನಾ ಮಂದಿರಗಳಾದ ನಾಮಘರ್‌ಗಳ ಕಪಾಟುಗಳಲ್ಲಿ ಇರುವ ಬಿಡಿ ಪ್ರತಿಗಳನ್ನೂ ಕೊಡುವಂತೆ ತಾವೇ ಜನರನ್ನು ಕೇಳಿ. ತಾವು ಕೇಳಿದರೆ ಕೊಡುತ್ತಾರೆ. ಹರಿದ ಪುಟಗಳಿಗೆ ತೆಳು ಕಾಗದ ಅಂಟಿಸಿ ಗಟ್ಟಿ ಮಾಡುವ ಕೆಲಸ ನನಗೆ ಬರುತ್ತದೆ. ಕಲಿಯುವವರಿದ್ದರೆ ನನ್ನ ಖರ್ಚಿನಲ್ಲೇ ಬಂದು ಹೇಳಿಕೊಡುತ್ತೇನೆ.

ಗೌರವಪೂರ್ವಕ ನಮಸ್ಕಾರಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕಿ, ಧಾರವಾಡ