ಅಕ್ಷರದ ಅಳತೆ ಬದಲಾಗಿದೆ, ಬಿಲ್ ಬದಲಾಗಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಿಮ್ಮ ಒಪ್ಪಿಗೆಗೆ ಕಳಿಸುವ ವೆಬ್‌ಸೈಟ್ ಡಿಸೈನ್‌ಗಳಲ್ಲಿ ಅಕ್ಷರದ ಅಳತೆ ಪಾಯಿಂಟ್ ಎಂಬ ಅಚ್ಚಿನ ಲೆಕ್ಕದಲ್ಲಿ ಇರುವುದಿಲ್ಲ. ‘ರೆಮ್’ ಎಂಬ ವೆಬ್‌ನ ಅಳತೆಯಲ್ಲಿ ಬರೆದಿರುತ್ತೇವೆ. ಏನಪ್ಪಾ ಇದು ಅಂತ ಫೋನ್ ಮಾಡುವ ಮೊದಲು ಇದನ್ನೊಮ್ಮೆ ಓದಿ.

ತಪ್ಪು ನಮ್ಮದೇ. ನಮ್ಮ ಡಿಸೈನರ್ ಪಾಂಪ್ಲೆಟ್, ಲಗ್ನಪತ್ರಿಕೆ ಮಾಡಿ ಕೈ ಪಳಗಿದವರು. ಅವರಿಗೆ 12 ಅಂದರೆ 12 ಪಾಯಿಂಟ್. ಕೋಡ್ ಬರೆಯುವ ಹುಡುಗನಿಗೆ 12 ಅಂದರೆ 12 ಪಿಕ್ಸೆಲ್, ಅದು ಸ್ಕ್ರೀನಿನ ಅಳತೆ. ವೆಬ್‌ನ ಲೆಕ್ಕದಲ್ಲಿ ಇಂಚಿಗೆ 72 ಪಾಯಿಂಟ್, 96 ಪಿಕ್ಸೆಲ್. ಹಾಗಾಗಿ 12 ಪಾಯಿಂಟ್ ಇದ್ದ ಕಡೆ 16 ಪಿಕ್ಸೆಲ್ ಬರಬೇಕಿತ್ತು. ಹುಡುಗ 12ನ್ನೇ ಹಾಕಿದ. ಅಕ್ಷರ ಕಾಲುಭಾಗ ಸಣ್ಣದಾಯಿತು. ಚೌಕಿಪೇಟೆಯ ಬಟ್ಟೆ ಅಂಗಡಿಯ ಯಜಮಾನರೊಬ್ಬರು ಕನ್ನಡಕ ಹಣೆಗೇರಿಸಿ, ಸ್ಕ್ರೀನ್‌ಗೆ ಮೂಗು ತಾಗಿಸಿ, “ಇದು ರೇಟೋ, ಇರುವೆ ಸಾಲೋ?” ಎಂದರು. ನಾವು ತಲೆ ತಗ್ಗಿಸಿ ನಿಂತೆವು.

ನಡುವೆ ‘ಎಮ್’ ಎಂಬ ಅಳತೆಯನ್ನೂ ಬಳಸಿ ನೋಡಿದೆವು. ಅದು ಹೂವಿನ ಮೊಳ ಇದ್ದಂಗೆ. ಯಾರ ಕೈ ಅಂತ ನೋಡಬೇಕು, ಅಲ್ವಾ? ಎಮ್ ಹೊರಗಿನ ಡಬ್ಬಿಯ, ಅಂದರೆ ಪುಟದ ಭಾಗದ, ಅಕ್ಷರವನ್ನು ನೋಡಿ ಅಳೆಯುತ್ತದೆ. ಒಂದು ಡಬ್ಬಿಯಲ್ಲಿ 1.2 ಎಮ್, ಅದರೊಳಗಿನ ಡಬ್ಬಿಯಲ್ಲಿ ಮತ್ತೆ 1.2 ಅಂದರೆ ಅಕ್ಷರ 1.44 ಪಟ್ಟು ಉಬ್ಬುತ್ತದೆ. ರೆಮ್‌ನಲ್ಲಿ ಇಡೀ ಪುಟಕ್ಕೆ ಒಂದೇ ಕೈ. ಬ್ರೌಸರ್‌ಗಳಲ್ಲಿ ಮೊದಲೇ ಇರುವ ಅಳತೆ ಸಾಮಾನ್ಯವಾಗಿ 16 ಪಿಕ್ಸೆಲ್, ಅದೇ 1 ರೆಮ್. 24 ಪಿಕ್ಸೆಲ್‌ನ ತಲೆಬರಹ 1.5 ರೆಮ್. ಡಿಸೈನರ್ ಬರೆದ ಸಂಖ್ಯೆಯೇ ಕೋಡ್‌ಗೆ ಹೋಗುತ್ತದೆ, ನಡುವೆ ಗುಣಾಕಾರ ಇಲ್ಲ. ಕಣ್ಣು ಮಂದವಾದವರು ಕಂಪ್ಯೂಟರಿನ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೆ ನಿಮ್ಮ ಸೈಟೂ ಜೊತೆಗೆ ದೊಡ್ಡದಾಗುತ್ತದೆ. ಪಿಕ್ಸೆಲ್‌ನಲ್ಲಿ ಕಟ್ಟಿದ್ದು ಇದ್ದಲ್ಲೇ ಕೂತಿರುತ್ತಿತ್ತು.

ಸಾಲುಗಳ ಅಂತರವೂ ಬದಲಾಗುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. ಒಂದು ಹೋಟೆಲ್ ಮೆನುವಿನಲ್ಲಿ ‘ಬೆಣ್ಣೆ ದೋಸೆ’ಯ ಣ ಒತ್ತು ಕೆಳಗಿನ ‘ಖಾಲಿ ದೋಸೆ’ಯ ಗುಡಿಸಿನ ಮೇಲೆ ಕೂತಿತ್ತು. ಇನ್ನು ಕನ್ನಡ ಪುಟಗಳಿಗೆಲ್ಲ ಅಕ್ಷರದ 1.7 ಪಟ್ಟು ಅಂತರ. ಪುಟ ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ಹಳೆಯ ಸೈಟ್‌ಗಳನ್ನು ಒಂದೊಂದಾಗಿ ನಾವೇ ಬದಲಿಸುತ್ತೇವೆ, ಅದಕ್ಕೆ ದುಡ್ಡಿಲ್ಲ. ಪಾಂಪ್ಲೆಟ್, ಬಿಲ್ ಬುಕ್‌ಗಳ ಅಳತೆ ಪಾಯಿಂಟ್‌ನಲ್ಲೇ ಇರುತ್ತದೆ. ಒಂದೇ ವಿನಂತಿ: ಡಿಸೈನನ್ನು ವಾಟ್ಸಾಪ್‌ನ ಫೋಟೋದಲ್ಲಿ ನೋಡಿ ‘ಓಕೆ’ ಅನ್ನಬೇಡಿ. ನಾವು ಕಳಿಸುವ ಲಿಂಕನ್ನು ನಿಮ್ಮ ಫೋನಿನಲ್ಲೇ ತೆರೆಯಿರಿ, ಮನೆಯ ಹಿರಿಯರಿಗೂ ಒಮ್ಮೆ ತೋರಿಸಿ. ‘14 ಹಾಕಿ’ ಅನ್ನುವುದು ಬೇಡ. ‘ರೇಟು ಕಾಣ್ತಿಲ್ಲ’ ಅಂದರೆ ಸಾಕು.

ಇಂತಿ,
ನಿಮ್ಮ ವೆಬ್‌ಸೈಟ್ ಮಾಡುವವರು,
ದಾವಣಗೆರೆ