ಎರಡನೆಯ ದಿನವೂ ಅಲ್ಲಿಗೇ ಹೋಗು

ಪ್ರೀತಿಯ ಗೆಳೆಯಾ,

ಪ್ರವಾಸ ಹೊರಟ ಊರಲ್ಲಿ ‘ಅಸಲಿ ಊಟ’ ಹುಡುಕುವುದು ಹೇಗೆ ಎಂದು ಕೇಳಿದ್ದೀಯ. ಎರಡು ದಿನದಿಂದ ಆ ‘ಅಸಲಿ’ ಅನ್ನುವ ಮಾತೇ ತಲೆಯಲ್ಲಿ ಸುತ್ತುತ್ತಿದೆ.

ಟೊಮೆಟೊ ಇಲ್ಲದ ಇಟಲಿಯ ಅಡುಗೆ ಊಹೆಗೂ ನಿಲುಕದು. ಆದರೆ ಆ ಹಣ್ಣು ಅಮೆರಿಕ ಖಂಡದಿಂದ ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ಥಾಯ್ಲೆಂಡ್ ಅಂದರೆ ನೆನಪಾಗುವ ಪಾಡ್ ಥಾಯ್ ಇನ್ನೂ ಎಳೆಯದು: ಹುರಿದ ನೂಡಲ್ಸ್ ಮಾಡುವ ವಿದ್ಯೆ ಚೀನೀ ವಲಸಿಗರದು, ಅದನ್ನು ದೇಶದ ತಿನಿಸೆಂದು ಊರೂರಿಗೆ ಹಬ್ಬಿಸಿದ್ದು 1938ರಲ್ಲಿ ಪ್ರಧಾನಿಯಾದ ಪಿಬುನ್ ಸೊಂಗ್‌ಖ್ರಾಮ್ ಸರ್ಕಾರ. ಹಾಗಾಗಿ ಹೊರಗಿನಿಂದ ಬಂದದ್ದು ಅನ್ನುವ ಕಾರಣಕ್ಕೆ ಯಾವ ರುಚಿಯನ್ನೂ ನಾನು ದೂರ ಇಡಲಾರೆ. ದಿನಾ ಉಣ್ಣುವವರು ಉಪ್ಪು ಜಾಸ್ತಿಯಾಯ್ತು, ಹುಳಿ ಸಾಲದು ಎಂದು ಗೊಣಗುತ್ತಾ, ಮತ್ತೆ ಮತ್ತೆ ಮಾಡಿಸಿಕೊಂಡು ಅದನ್ನು ತಮ್ಮೂರಿನದಾಗಿಸಿಕೊಳ್ಳುತ್ತಾರೆ.

ನನಗೆ ಸಂಕಟವಾಗುವುದು ಆ ಗೊಣಗುವವರೇ ಇಲ್ಲವಾದಾಗ. ಬಾರ್ಸಿಲೋನಾದ ಬೊಕೆರಿಯಾ ಮಾರುಕಟ್ಟೆಯನ್ನೇ ನೋಡು. ಊರಿನವರು ಮೀನು, ಮಾಂಸ, ಸೊಪ್ಪು ತರಕಾರಿ ಕೊಳ್ಳುತ್ತಿದ್ದ ಜಾಗ ಅದು. ಪಕ್ಕದ ಲಾ ರಾಂಬ್ಲಾ ಬೀದಿಯ ಪ್ರವಾಸಿಗರು ಒಳಗೆ ತುಂಬತೊಡಗಿದ ಮೇಲೆ ಎಷ್ಟೋ ಮಳಿಗೆಗಳಲ್ಲಿ ಹೆಚ್ಚಿಟ್ಟ ಹಣ್ಣಿನ ಲೋಟ, ಬಣ್ಣಬಣ್ಣದ ಜ್ಯೂಸ್ ಬಂದು ಕೂತವು. ಹೋಟೆಲ್ ಕೋಣೆಯಲ್ಲಿ ತಂಗಿದವನಿಗೆ ಹಸಿ ಮೀನು ಯಾತಕ್ಕೆ? ಇತ್ತ ಅಡುಗೆಗೆ ಮೀನು ಬೇಕಾದವಳಿಗೆ ಆ ಜಂಗುಳಿಯಲ್ಲಿ ಮಳಿಗೆಯವರೆಗೆ ತಲುಪುವುದೇ ಕಷ್ಟ. 2015ರಲ್ಲಿ ನಗರಾಡಳಿತ ಶುಕ್ರವಾರ, ಶನಿವಾರ ವ್ಯಾಪಾರದ ಹೊತ್ತಿನಲ್ಲಿ ದೊಡ್ಡ ಪ್ರವಾಸಿ ಗುಂಪುಗಳಿಗೆ ತಡೆ ಹಾಕಬೇಕಾಯಿತು. ಜ್ಯೂಸ್ ಮಾರುವವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರೂ ಬದುಕಬೇಕು.

ವೆನಿಸ್‌ನ ಕಥೆ ಇನ್ನೂ ನೋಯಿಸುತ್ತದೆ. 1951ರಲ್ಲಿ ಅಲ್ಲಿನ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು. 2022ರ ಹೊತ್ತಿಗೆ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. 2024ರಲ್ಲಿ ಕೆಲವು ದಿನ, ಬಂದು ಸಂಜೆಗೇ ಹೊರಡುವವರಿಂದ 5 ಯೂರೋ ಪ್ರವೇಶ ಶುಲ್ಕ ಪಡೆಯತೊಡಗಿದರು. ಆ ದುಡ್ಡಿನಿಂದ ಖಾಲಿಯಾದ ಮನೆಗಳ ಒಲೆ ಹೊತ್ತೀತೇ? ಇವತ್ತು ಉಂಡವನು ಮತ್ತೆಂದೂ ಬರುವುದಿಲ್ಲ ಎಂದು ಗೊತ್ತಿರುವ ಅಡುಗೆಯವನ ಕೈ ಎಷ್ಟು ದಿನ ಹದ ತಪ್ಪದೆ ಇದ್ದೀತು? ನಿನ್ನಂಥವರಿಗೆ ಖಾರ ಆಗದು ಎಂದು ತಾನೇ ಅಂದುಕೊಂಡು ಖಾರ ಇಳಿಸುತ್ತಾನೆ. ಫೋಟೊದಲ್ಲಿ ಚೆಂದ ಕಾಣದ್ದನ್ನು ಮೆನುವಿನಿಂದಲೇ ತೆಗೆಯುತ್ತಾನೆ. ಯಾರ ಮೇಲೂ ಸಿಟ್ಟಿಲ್ಲದೆ, ಸದ್ದಿಲ್ಲದೆ ಒಂದು ರುಚಿ ಹೋಗಿಬಿಡುತ್ತದೆ.

ಅದಕ್ಕೇ ನಿನಗೆ ಯಾವ ಹೋಟೆಲಿನ ಹೆಸರನ್ನೂ ಬರೆಯುತ್ತಿಲ್ಲ. ನಾಲ್ಕು ಊರು ನೋಡುವ ಬದಲು ಒಂದೇ ಊರಲ್ಲಿ ನಾಲ್ಕು ದಿನ ಇರು. ಮಧ್ಯಾಹ್ನ ಕೆಲಸದ ಬಟ್ಟೆಯಲ್ಲೇ ಜನ ಬಂದು ಕೂರುವ ಕಡೆ ನೀನೂ ಕೂರು, ಅವರಿಗೆ ಬಡಿಸಿದ್ದನ್ನೇ ಕೇಳು. ಮಾರನೆಯ ದಿನವೂ ಅಲ್ಲಿಗೇ ಹೋಗು. ನಿನ್ನ ಮುಖ ನೋಡಿ ಬಡಿಸುವವರು ಏನು ಮಾಡಿದರು, ತಟ್ಟೆಯಲ್ಲಿ ಏನಾದರೂ ಬದಲಾಯಿತಾ, ಬರೆ. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ