ನೀಲಿ ಕೊಡ

ನನ್ನವ್ವಾ,

ಕೆಲಸ ಬಿಟ್ಟು ಕುಣಿಯಲು ಚೆನ್ನೈಗೆ ಹೋಗುತ್ತೇನೆ ಅಂತ ನೀನು ಅಂದದ್ದಕ್ಕೆ ಮಂಗಳವಾರ ರಾತ್ರಿ ಆದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿವೆ, ನನಗೂ ನೆನಪಿವೆ. ಸ್ಟೇಷನ್ನಿಗೆ ಬರದೆ ಇದ್ದದ್ದು ನನ್ನ ತಪ್ಪು. ಅಂಗಿ ಹಾಕಿಕೊಂಡು ಬಾಗಿಲ ತನಕ ಬಂದೆ. ಅಷ್ಟರಲ್ಲಿ ಆಟೋ ಓಣಿ ದಾಟಿತ್ತು. ಗುಂತಕಲ್ಲಿನಲ್ಲಿ ಇಳಿದು ಚೆನ್ನೈ ರೈಲು ಹತ್ತಿದೆ ಅಂತ ನೀನು ನಿಮ್ಮವ್ವನಿಗೆ ಫೋನ್ ಮಾಡಿದಾಗ ಪಕ್ಕದಲ್ಲೇ ಇದ್ದೆ. ಹೊಲಿಗೆ ಮಷಿನ್ ನಿಲ್ಲಿಸಿ ಕೇಳಿಸಿಕೊಂಡೆ.

ನೃತ್ಯ ಕಲಾವಿದೆ ಚಂದ್ರಲೇಖಾ ಅವರ ಬಗ್ಗೆ ನೀನು ಬರೆದಿಟ್ಟ ಹಾಳೆಗಳು ಮಷಿನ್ ಮೇಲೆ ಇದ್ದವು. ಮರೆತು ಹೋದೆಯೋ, ನಾನು ಓದಲಿ ಅಂತ ಬಿಟ್ಟೆಯೋ ಗೊತ್ತಿಲ್ಲ. ಮೂರು ಸಲ ಓದಿದೆ. ಹುಟ್ಟಿದ್ದು 1928ರಲ್ಲಿ, ಮಹಾರಾಷ್ಟ್ರದ ವಾಡಾದಲ್ಲಿ. ಲಾ ಓದು ಬಿಟ್ಟು ಮದ್ರಾಸಿಗೆ ಬಂದು ಕಾಂಚೀಪುರಂ ಎಲ್ಲಪ್ಪ ಪಿಳ್ಳೈ ಅವರ ಹತ್ತಿರ ಭರತನಾಟ್ಯ ಕಲಿತರು. ಅಲ್ಲಿಯ ತನಕ ಸುಮ್ನೆ ಓದುತ್ತಾ ಬಂದೆ. ಆಮೇಲೆ 1952ರ ರಂಗಪ್ರವೇಶದ ಸಾಲು ಬಂತು. ರಾಯಲಸೀಮೆಯ ಬರಗಾಲಕ್ಕೆ ಹಣ ಕೂಡಿಸಲು ಇಟ್ಟಿದ್ದ ಕಾರ್ಯಕ್ರಮ ಅದು. ಅವರು ಯಮುನಾ ಹೊಳೆಯ ಪದಕ್ಕೆ ಅಭಿನಯ ಮಾಡುತ್ತಿದ್ದರು. ತುಂಬಿದ ನೀರು, ಸಖಿಯರ ನೀರಾಟ. ಆಗಲೇ ಪೇಪರಿನಲ್ಲಿ ನೋಡಿದ್ದ ಚಿತ್ರಗಳು ಕಣ್ಮುಂದೆ ಬಂದವಂತೆ. ಬಿರುಕು ಬಿಟ್ಟ ನೆಲ, ಡಬ್ಬಿ ಹಿಡಿದು ನೀರಿಗಾಗಿ ನಿಂತ ಉದ್ದನೆಯ ಪಾಳಿ. ಮೈ ಮರಗಟ್ಟಿತಂತೆ.

ಆ ಬರದಲ್ಲಿ ನಿನ್ನ ಅಜ್ಜಿಯೂ ಪಾಳಿ ನಿಂತವಳೇ. ಆಗ ನಮ್ಮ ಬಳ್ಳಾರಿ ಅನಂತಪುರ, ಕರ್ನೂಲು, ಕಡಪದ ಜೊತೆ ಮದ್ರಾಸ್ ರಾಜ್ಯದಲ್ಲೇ ಇತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅವಳಿಗೆ ಹತ್ತು ವರ್ಷ. ಹಳ್ಳದ ಮರಳು ತೋಡಿ, ಒರತೆ ಜಿನುಗುವುದನ್ನು ಕಾಯ್ದು, ತಂಬಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದರಂತೆ. ಒಂದು ಕೊಡಕ್ಕೆ ಅರ್ಧ ರಾತ್ರಿ. ಕೊನೆಯ ತನಕ ಅವಳು ಕೈ ತೊಳೆದ ನೀರನ್ನೂ ಕರಿಬೇವಿನ ಗಿಡಕ್ಕೇ ಹಾಕಿದಳು. ಅವಳ ಕೈಯಲ್ಲಿ ಬೆಳೆದವನು ನಾನು.

ಅದಕ್ಕೇ ಆ ರಾತ್ರಿ ಹಾಗಾಯಿತೋ ಏನೋ. ನಿನಗೆ ನೆನಪಿದೆಯೋ ಇಲ್ಲವೋ, ಯಾವತ್ತೂ ಕೇಳಲು ಧೈರ್ಯ ಬರಲಿಲ್ಲ.

ನೀನು ಎರಡನೇ ಕ್ಲಾಸು. ಎಂಟು ದಿನಕ್ಕೆ ನಳ ಬಂದಿತ್ತು, ರಾತ್ರಿ ಒಂದೂವರೆಗೆ. ಓಣಿಯವರೆಲ್ಲಾ ಪಾಳಿ ಹಚ್ಚಿದ್ದರು. ಹಸಿರು ಕೊಡ, ಕೆಂಪು ಕೊಡ, ನಮ್ಮದು ನೀಲಿ. ಸೀಳಿದ್ದ ಅದರ ಬಾಯಿಯನ್ನು ನಾನೇ ಕಾದ ಕಂಬಿಯಿಂದ ಬೆಸೆದಿದ್ದೆ. ನೀನು ಕೊಡಗಳ ನಡುವೆ ಕುಣಿಯುತ್ತಿದ್ದೆ. ಒಂದು ಕೊಡ ಬಿಟ್ಟು ಒಂದು ಕೊಡ ಸುತ್ತಿ, ಕೈ ಚಾಚಿ, ಹಿಮ್ಮಡಿ ತಟ್ಟಿ. ಹೆಂಗಸರು ನಗುತ್ತಾ ನೋಡುತ್ತಿದ್ದರು. ಪಕ್ಕದ ಮನೆಯ ದೊಡ್ಡವ್ವನ ತುಂಬಿದ ಕೊಡಕ್ಕೆ ನಿನ್ನ ಕಾಲು ತಗುಲಿತು. ಉರುಳಿತು. ಎಲ್ಲರ ಮುಂದೆ ನಿನ್ನ ಕೆನ್ನೆಗೆ ಹೊಡೆದೆ.

ನೀನು ಅಳಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಹೆಬ್ಬೆರಳು ಮಡಚಿ, ನಾಲ್ಕು ಬೆರಳು ನೆಟ್ಟಗೆ. ಡ್ಯಾನ್ಸ್ ಟೀಚರ್ ಆಗಷ್ಟೇ ಕಲಿಸಿದ್ದ ಪತಾಕ ಮುದ್ರೆ. ನೀರು ಮಣ್ಣಿಗೆ ಇಳಿಯುವುದನ್ನೇ ನೀನು ನೋಡುತ್ತಾ ನಿಂತಿದ್ದೆ. "ಹೋಗ್ಲಿ ಬಿಡಪ್ಪ, ಕೂಸು ಅದು" ಅಂದಳು ದೊಡ್ಡವ್ವ. ನಮ್ಮ ಕೊಡದ ನೀರನ್ನು ಅವಳ ಕೊಡಕ್ಕೆ ಸುರಿದೆ. ಅವಳ ಲೆಕ್ಕ ತೀರಿತು. ನಿನ್ನದು ತೀರಲಿಲ್ಲ. ಈಗಲೂ ದಾರ ಕಡಿದು ಸೂಜಿಗೆ ಪೋಣಿಸಲು ಬಗ್ಗಿದಾಗ ಆ ಕೈ ಕಾಣುತ್ತದೆ. ಅಷ್ಟು ಪುಟ್ಟ ಕೈ. ಮರುದಿನ ಕ್ಲಾಸಿಗೆ ಹೋಗುವುದಿಲ್ಲ ಅಂದುಬಿಡುತ್ತೀ ಅಂತ ಹೆದರಿದ್ದೆ. ನೀನು ಗೆಜ್ಜೆ ಚೀಲ ತಗೊಂಡು ಹೊರಟೆ. ಆ ಹೊತ್ತಿಗೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತವ್ವಾ.

ಈಗ ನೀನು ಆ ಪಾಳಿಯನ್ನೇ ಕುಣಿಯುತ್ತೇನೆ ಅಂದಾಗ, ಆ ಕೊಡ ಮತ್ತೆ ಉರುಳಿದಂತಾಯಿತು. ಅದಕ್ಕೇ ಹಾಗೆ ಕೂಗಾಡಿದೆ. ಕೆಲಸ ಬಿಟ್ಟದ್ದು, ದುಡ್ಡು, ಊರಿನವರ ಮಾತು, ಎಲ್ಲಾ ಆಮೇಲೆ ಬಾಯಿಗೆ ಬಂದದ್ದು.

ಚಂದ್ರಲೇಖಾ ಅವರು ನಡುವೆ ಹಲವು ವರ್ಷ ರಂಗದಿಂದಲೇ ದೂರ ಇದ್ದರು ಅಂತ ಒಂದೇ ಸಾಲು ಬರೆದಿದ್ದೀ. ಪೋಸ್ಟರ್ ಮಾಡಿದರು, ಹೆಂಗಸರ ಹೋರಾಟದಲ್ಲಿ ಇದ್ದರು ಅಂತ. ಅಪ್ಪನಿಗೆ ಆ ಒಂದು ಸಾಲೇ ದೊಡ್ಡದಾಗಿ ಕಾಣುತ್ತದೆ. ಅಷ್ಟು ವರ್ಷ ಬಾಡಿಗೆ ಹೇಗೆ ಕಟ್ಟಿದರು? ಜ್ವರ ಬಂದರೆ ಗಂಜಿ ಯಾರು ಕೊಟ್ಟರು? ಆಮೇಲೆ 1985ರಲ್ಲಿ 'ಅಂಗಿಕಾ' ಅನ್ನುವ ನೃತ್ಯ ಮಾಡಿದರು. ಭರತನಾಟ್ಯದ ಜೊತೆ ಯೋಗ, ಕೇರಳದ ಯುದ್ಧಕಲೆ ಕಳರಿಪಯಟ್ಟು. ಲೆಕ್ಕ ಹಾಕಿದೆ, ಐವತ್ತೈದು ದಾಟಿತ್ತು ಅವರಿಗೆ. ಎಪ್ಪತ್ತು ದಾಟಿದ ಮೇಲೆ 2001ರಲ್ಲಿ 'ಶರೀರ'. 2006ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥವರ ಹಾದಿ ಹಿಡಿಯುತ್ತೇನೆ ಅನ್ನುವ ಮಗಳು ನಮ್ಮ ಓಣಿಯಲ್ಲಿ ಹುಟ್ಟಿದಳು ಅಂತ ಹೆಮ್ಮೆ ಆಗುತ್ತದೆ. ಐವತ್ತರ ತನಕ ಕಾಯಬೇಕಾದೀತು ಅಂತ ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಅಷ್ಟು ವರ್ಷ ನಾನು ಇರುವುದಿಲ್ಲವಲ್ಲ.

ಮೂರು ತಿಂಗಳ ಬಾಡಿಗೆ ಬೇರೆ ತೆಗೆದಿಡು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಮೊಣಕಾಲು ನೋವನ್ನು ಮುಚ್ಚಿಟ್ಟುಕೊಂಡು ಕುಣಿಯಬೇಡ, ಹೋದ ವರ್ಷ ಹಾಗೇ ಮಾಡಿದ್ದೆ. ಬಿ.ಕಾಂ. ಸರ್ಟಿಫಿಕೇಟು ನೀರು ತಾಗದ ಕಡೆ ಇಡು, ಬೇಕಾಗಬಹುದು. ಚಂದ್ರಲೇಖಾ ಅವರ ಮನೆ ಚೆನ್ನೈನ ಎಲಿಯಟ್ಸ್ ಬೀಚಿನ ಹತ್ತಿರ ಇತ್ತಲ್ಲ, ಅಲ್ಲಿಗೆ ಹೋದರೆ ಹಗಲು ಹೋಗು. ಬೇಡಿಕೆ ಇಲ್ಲ ಅಂತ ಯಾರಾದರೂ ಅಂದರೆ ಅಭ್ಯಾಸ ಬಿಡಬೇಡ. ಮಂಗಳವಾರ ಅದನ್ನೇ ಅಂದವನು ನಾನು, ಅದೂ ಗೊತ್ತಿದೆ.

ಹಾಳೆಗೆ ಅಂಟಿಸಿದ ಅವರ ಫೋಟೋ ನೋಡಿದೆ. ಒಡವೆ ಇಲ್ಲ, ಜರಿ ಇಲ್ಲ, ನೂಲಿನ ಸೀರೆಯನ್ನೇ ಕಚ್ಚೆ ಹಾಕಿ ಬಿಗಿದಿದ್ದಾರೆ. ಕೂತರೂ ಎದ್ದರೂ ಎಳೆಯದ ಹಾಗೆ. ಅದನ್ನು ನೋಡಿಯೇ ನಿನಗೆ ಎರಡು ಪ್ಯಾಂಟ್ ಹೊಲಿದೆ. ನಾವು ಹೊಲಿಯುವ ಜೀನ್ಸ್ ಬಟ್ಟೆ ಬಿರುಸು, ಅದಕ್ಕೆ ಮೆತ್ತನೆ ಕಾಟನ್ ತಂದೆ. ತೊಡೆಯ ಸಂದಿಗೆ ಅಂಗೈ ಅಗಲದ ಚೌಕದ ತುಂಡು ಸೇರಿಸಿ ಡಬಲ್ ಹೊಲಿಗೆ ಹಾಕಿದ್ದೇನೆ. ಎಷ್ಟು ಕೆಳಗೆ ಮಂಡಿ ಕೂತರೂ ಹರಿಯುವುದಿಲ್ಲ. ನಾಳೆ ಪಾರ್ಸಲ್ ಹಾಕುತ್ತೇನೆ.

ನೀಲಿ ಕೊಡ ಇನ್ನೂ ಅಟ್ಟದ ಮೇಲಿದೆ. ನಿನ್ನ ನೃತ್ಯಕ್ಕೆ ಬೇಕಾದರೆ ಹೇಳು, ಅದನ್ನೂ ಕಳಿಸುತ್ತೇನೆ. ಬೆಸೆದ ಕಡೆ ಬಿಟ್ಟಿದೆ, ಎತ್ತುವಾಗ ಕೈ ಕೊಯ್ಯದ ಹಾಗೆ ನೋಡಿಕೊ.

ನಿನ್ನ ಅಪ್ಪ
ಬಳ್ಳಾರಿ